ನೋವು ಹೋಯಿತು, ಮಂಡಿ ನಿಂತಿತೇ?

ಮಂಡಿಯ ಲಿಗಮೆಂಟ್, ಅಂದರೆ ಮೂಳೆಯನ್ನು ಮೂಳೆಗೆ ಬಿಗಿದು ಹಿಡಿಯುವ ಕಟ್ಟು, ಹರಿದುಕೊಂಡವರು ಮೋಸ ಹೋಗುವುದು ಮೂರು ನಾಲ್ಕು ವಾರ ಕಳೆದ ಮೇಲೆ. ಬಿದ್ದ ದಿನವಂತೂ ಏನೋ ಆಗಿದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಮಂಡಿ ಊದಿರುತ್ತದೆ, ಕಾಲೂರಲು ಆಗುವುದಿಲ್ಲ, ಇಬ್ಬರು ಹೆಗಲು ಕೊಟ್ಟು ಮನೆ ಸೇರಿಸಿರುತ್ತಾರೆ. ಎಕ್ಸ್‌ರೇ ತೆಗೆಸಿದರೆ ‘ಮೂಳೆಗೇನೂ ಆಗಿಲ್ಲ’ ಅನ್ನುವ ಸಮಾಧಾನ ಸಿಗುತ್ತದೆ. ಆಮೇಲೆ ಐಸು, ಕ್ರೇಪ್ ಬ್ಯಾಂಡೇಜು, ಊರಲ್ಲಿ ಉಳುಕು ತೆಗೆಯುವವರಿದ್ದರೆ ಅವರ ಎಣ್ಣೆ. ವಾರಗಳು ಉರುಳಿದಂತೆ ಊತ ಇಳಿಯುತ್ತದೆ, ನೋವು ಮಾಯವಾಗುತ್ತದೆ, ಬೈಕಿನ ಗೇರು ಹಾಕಲೂ ಬರುತ್ತದೆ. ಅಲ್ಲಿಗೆ ಗುಣವಾಯಿತು ಅಂತ ಲೆಕ್ಕ. ಮತ್ತೊಂದು ದಿನ ಆಟದ ಕೋರ್ಟಿಗಿಳಿದು ಸರಕ್ಕನೆ ತಿರುಗಿದಾಗಲೋ, ಬಸ್ಸಿನಿಂದ ಇಳಿಯುವಾಗ ಪಾದ ಓರೆಯಾಗಿ ಬಿದ್ದಾಗಲೋ ಮಂಡಿ ಒಳಗೊಳಗೇ ಜಾರಿ ಮನುಷ್ಯ ಕುಸಿಯುತ್ತಾನೆ. ಮೊದಲ ಸಲ ಹರಿದದ್ದು ಒಂದು ಲಿಗಮೆಂಟ್ ಮಾತ್ರ ಆಗಿದ್ದರೆ, ಈ ಸಲ ಅದರ ಪಕ್ಕದ ಮೆನಿಸ್ಕಸ್ಸೂ (ಮೂಳೆಗಳ ನಡುವಿನ ಮೆತ್ತೆ) ಹೋಗಿರಬಹುದು.

ನೋವು ಬೇರೆ, ಮಂಡಿಯ ಸ್ಥಿರತೆ ಬೇರೆ. ನೋವು ತಾನಾಗಿ ಹೋಗುತ್ತದೆ. ಸ್ಥಿರತೆ ಹಾಗೆ ತಾನಾಗಿ ಬರುವುದು ಅಪರೂಪ. ಲಿಗಮೆಂಟ್ ಪೆಟ್ಟಿನ ಬಗ್ಗೆ ನಮ್ಮಲ್ಲಿ ನಡೆಯುವ ಗೊಂದಲಗಳಲ್ಲಿ ಬಹುಪಾಲು ಈ ಎರಡನ್ನೂ ಒಂದೇ ಅಂತ ತಿಳಿಯುವುದರಿಂದ ಹುಟ್ಟುತ್ತದೆ.

ಮಂಡಿಯೊಳಗಿನ ಮೂಳೆಗಳ ಜೋಡಣೆ ನೋಡಿದರೆ ಅದು ನಿಲ್ಲುವುದೇ ಆಶ್ಚರ್ಯ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಗುಂಡುತಲೆ ಆಳವಾದ ಗುಳಿಯೊಳಗೆ ಕೂತಿದೆ. ಅಲ್ಲಿ ಮೂಳೆಯ ಆಕಾರವೇ ಅರ್ಧ ಕಾವಲು. ಮಂಡಿಗೆ ಆ ಅನುಕೂಲ ಇಲ್ಲ. ತೊಡೆಮೂಳೆಯ ಕೆಳತುದಿಯಲ್ಲಿ ಎರಡು ಉರುಟಾದ ಉಬ್ಬುಗಳಿವೆ. ಅವು ಕೂತಿರುವುದು ಕೆಳಗಾಲಿನ ದೊಡ್ಡ ಮೂಳೆಯಾದ ಟಿಬಿಯಾದ ಹೆಚ್ಚುಕಡಿಮೆ ಚಪ್ಪಟೆಯಾದ ತಲೆಯ ಮೇಲೆ. ಮಣೆಯ ಮೇಲೆ ಎರಡು ತೆಂಗಿನಕಾಯಿ ಇಟ್ಟು ಅದರ ಮೇಲೆ ಮನುಷ್ಯನನ್ನು ನಿಲ್ಲಿಸಿದ ಹಾಗೆ. ಹೊರಬದಿಯಲ್ಲಂತೂ ಟಿಬಿಯಾದ ಮೇಲ್ಮೈ ಸ್ವಲ್ಪ ಉಬ್ಬಿಕೊಂಡೇ ಇದೆ. ಉಬ್ಬಿನ ಮೇಲೆ ಉಬ್ಬು. ಈ ಎರಡರ ನಡುವೆ ಸಿಕ್ಕಿಸಿದ ಅರ್ಧಚಂದ್ರಾಕಾರದ ಮೆತ್ತೆಗಳೇ ಮೆನಿಸ್ಕಸ್‌ಗಳು. ಅಂಚಿನಲ್ಲಿ ದಪ್ಪ, ಒಳಗೆ ತೆಳು. ಭಾರ ಹಂಚುವುದರ ಜೊತೆಗೆ ಚಪ್ಪಟೆ ತಳಕ್ಕೆ ಒಂದಿಷ್ಟು ಕಟ್ಟೆ ಕಟ್ಟಿಕೊಡುವುದೂ ಅವುಗಳ ಕೆಲಸ.

ಉಳಿದ ಹೊಣೆ ನಾಲ್ಕು ಮುಖ್ಯ ಲಿಗಮೆಂಟ್‌ಗಳ ಮೇಲೆ ಬೀಳುತ್ತದೆ. ಒಳಬದಿಗೆ ಎಂಸಿಎಲ್, ಹೊರಬದಿಗೆ ಎಲ್‌ಸಿಎಲ್. ಮಂಡಿ ಅಕ್ಕಪಕ್ಕಕ್ಕೆ ಬಾಯಿಬಿಡದಂತೆ ಇವು ಹಿಡಿಯುತ್ತವೆ. ಕೀಲಿನ ನಟ್ಟನಡುವೆ ಒಂದನ್ನೊಂದು ಅಡ್ಡಹಾಯ್ದು ಎಸಿಎಲ್ ಮತ್ತು ಪಿಸಿಎಲ್. ಟಿಬಿಯಾ ಮುಂದಕ್ಕೆ ಜಾರದಂತೆ ಎಸಿಎಲ್ ತಡೆಯುತ್ತದೆ, ಹಿಂದಕ್ಕೆ ಜಾರದಂತೆ ಪಿಸಿಎಲ್. ಎಸಿಎಲ್ ಉದ್ದ ಮೂರು ಸೆಂಟಿಮೀಟರಿನ ಆಸುಪಾಸು, ಕಿರುಬೆರಳಿನಷ್ಟು ದಪ್ಪವೂ ಇಲ್ಲ. ಆದರೆ ಟಿಬಿಯಾವನ್ನು ಮುಂದಕ್ಕೆ ಎಳೆದಾಗ ಬೀಳುವ ಒಟ್ಟು ತಡೆಯಲ್ಲಿ ಸುಮಾರು ಶೇ 85ರಷ್ಟು ಇದೊಂದರದ್ದೇ. ಪ್ರಯೋಗಾಲಯದಲ್ಲಿ ಎಳೆದು ನೋಡಿದಾಗ ಹರೆಯದವರ ಎಸಿಎಲ್ ಸುಮಾರು 2160 ನ್ಯೂಟನ್ ಬಲದವರೆಗೆ, ಅಂದರೆ 220 ಕಿಲೋ ತೂಗಿಬಿಟ್ಟಷ್ಟು ಎಳೆತದವರೆಗೆ, ತಡೆದಿದೆ. ಅರವತ್ತು ದಾಟಿದವರದ್ದು ಅದರ ಮೂರನೇ ಒಂದು ಭಾಗಕ್ಕೇ ಹರಿದಿದೆ.

ಇಷ್ಟು ಗಟ್ಟಿಯಾದದ್ದು ಹರಿಯುವುದು ಹೇಗೆ? ಯಾರೋ ಗುದ್ದಿರಬೇಕು, ಯಾರೋ ಮೇಲೆ ಬಿದ್ದಿರಬೇಕು ಅಂತ ಅನಿಸುತ್ತದೆ. ಹತ್ತರಲ್ಲಿ ಏಳು ಎಸಿಎಲ್ ಪೆಟ್ಟುಗಳಲ್ಲಿ ಮಂಡಿಯನ್ನು ಯಾರೂ ಮುಟ್ಟಿಯೇ ಇರುವುದಿಲ್ಲ. ಹೊನಲು ಬೆಳಕಿನ ಕಬಡ್ಡಿಯನ್ನೇ ತೆಗೆದುಕೊಳ್ಳಿ. ತೊಡೆ ಹಿಡಿದು, ಹಿಮ್ಮಡಿ ಹಿಡಿದು ಎಳೆದಾಡುವಾಗ ಮಂಡಿ ತಿರುಚುವುದುಂಟು, ನಿಜ. ಆದರೆ ಬೋನಸ್ ಗೆರೆ ದಾಟಿದ ರೈಡರ್ ವಾಪಸ್ಸಾಗಲು ಒಂದು ಕಾಲು ಊರಿ ಮೈ ತಿರುಗಿಸುವ ಗಳಿಗೆಯೂ ಅಷ್ಟೇ ಅಪಾಯದ್ದು. ಪಾದ ಮ್ಯಾಟಿಗೆ ಕಚ್ಚಿಕೊಂಡಿದೆ. ಸೊಂಟ ಆಗಲೇ ಮಧ್ಯಗೆರೆಯತ್ತ ತಿರುಗಿದೆ. ಮಂಡಿ ಸ್ವಲ್ಪವೇ ಬಾಗಿದೆ, ಇಡೀ ಮೈಭಾರ ಆ ಒಂದು ಕಾಲಿನ ಮೇಲಿದೆ. ಮಂಡಿ ಒಳಮುಖವಾಗಿ ವಾಲುತ್ತದೆ, ಟಿಬಿಯಾ ಮುಂದಕ್ಕೆ ಸರಿದು ತಿರುಚಿಕೊಳ್ಳುತ್ತದೆ. ಒಳಗಿನಿಂದ ‘ಟಪ್’ ಅಂತ ಸದ್ದು; ಎಷ್ಟೋ ಸಲ ಆ ಸದ್ದು ಪಕ್ಕದಲ್ಲಿದ್ದವರಿಗೂ ಕೇಳಿಸುತ್ತದೆ. ಬೇರೆ ಆಟಗಳ ವಿಡಿಯೋಗಳನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿ ನೋಡಿದ ಸಂಶೋಧಕರು ಹೇಳುವಂತೆ ಕಾಲು ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನೊಳಗೆ ಲಿಗಮೆಂಟ್ ಹರಿದು ಮುಗಿದಿರುತ್ತದೆ. ಕಣ್ಣು ಮಿಟುಕಿಸಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಈ 40 ಮಿಲಿಸೆಕೆಂಡಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಉಳಿದ ಮೂರರ ಬಗ್ಗೆ ಒಂದೆರಡು ಮಾತು. ಹೊರಬದಿಯಿಂದ ಮಂಡಿಗೆ ಪೆಟ್ಟು ಬಿದ್ದು ಅದು ಒಳಕ್ಕೆ ಬಾಗಿದರೆ ಹರಿಯುವುದು ಎಂಸಿಎಲ್. ಅದು ಕೀಲಿನ ಹೊರಗಿರುವುದರಿಂದ ರಕ್ತ ಚೆನ್ನಾಗಿ ಸಿಗುತ್ತದೆ. ಒಂಟಿಯಾಗಿ ಹರಿದಿದ್ದರೆ ಬ್ರೇಸ್ ಹಾಕಿಕೊಂಡು ಕೆಲವು ವಾರ ಕಳೆದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಮಡಿಸಿದ ಮಂಡಿ ನೇರವಾಗಿ ಕಾರಿನ ಡ್ಯಾಶ್‌ಬೋರ್ಡಿಗೆ ಅಪ್ಪಳಿಸಿದಾಗ, ಬೈಕಿನಿಂದ ಮಂಡಿಯೂರಿ ಬಿದ್ದಾಗ ಪಿಸಿಎಲ್. ಎಲ್‌ಸಿಎಲ್ ಒಂದೇ ಹರಿಯುವುದು ಕಡಿಮೆ; ಹರಿದರೆ ಹಿಂದಿನ ಮೂಲೆಯ ಇನ್ನಷ್ಟು ಕಟ್ಟುಗಳನ್ನೂ ಜೊತೆಗೆ ಕರೆದೊಯ್ಯುತ್ತದೆ, ಅದು ಕಷ್ಟದ ಪೆಟ್ಟು.

ಪತ್ತೆ ಹಚ್ಚುವುದರಲ್ಲಿ ಮೊದಲ ಸುಳಿವು ಊತದ ಸಮಯ. ಪೆಟ್ಟಾದ ಒಂದೆರಡು ಗಂಟೆಯೊಳಗೆ ಮಂಡಿ ಬಿಗಿದು ಊದಿದರೆ ಒಳಗೆ ರಕ್ತ ತುಂಬಿದೆ ಅಂತ ಅರ್ಥ. ಮರುದಿನ ಬೆಳಿಗ್ಗೆ ನಿಧಾನವಾಗಿ ಊದಿದರೆ ಅದು ಬಹುಮಟ್ಟಿಗೆ ಕೀಲಿನ ನೀರು. ಮೂಳೆ ಮುರಿಯದೆ ರಕ್ತ ತುಂಬಿದ ಮಂಡಿಗಳಲ್ಲಿ ಹೆಚ್ಚಿನವುಗಳಲ್ಲಿ ಎಸಿಎಲ್ ಹರಿದಿರುತ್ತದೆ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದೇ ಇಲ್ಲ. ಆದ್ದರಿಂದ ‘ಎಕ್ಸ್‌ರೇ ನಾರ್ಮಲ್’ ಅನ್ನುವ ಮಾತಿಗೆ ಇಲ್ಲಿ ಬೆಲೆ ಕಮ್ಮಿ.

ಎರಡನೆಯದು ಕೈಯಿಂದ ಮಾಡುವ ಪರೀಕ್ಷೆ. ರೋಗಿಯನ್ನು ಮಲಗಿಸಿ ಮಂಡಿಯನ್ನು 20–30 ಡಿಗ್ರಿ ಬಾಗಿಸಿ, ಒಂದು ಕೈಯಲ್ಲಿ ತೊಡೆಯನ್ನು ಗಟ್ಟಿ ಹಿಡಿದು, ಇನ್ನೊಂದು ಕೈಯಿಂದ ಟಿಬಿಯಾವನ್ನು ಮುಂದಕ್ಕೆ ಎಳೆಯುತ್ತಾರೆ. ಎಸಿಎಲ್ ಸರಿಯಿದ್ದರೆ ಎಳೆತ ಒಂದು ಕಡೆ ‘ಟಕ್’ ಅಂತ ನಿಲ್ಲುತ್ತದೆ. ಹರಿದಿದ್ದರೆ ಆ ನಿಲುಗಡೆ ಇರುವುದಿಲ್ಲ, ಮೆತ್ತಗೆ ಮುಂದೆ ಬರುತ್ತಲೇ ಇರುತ್ತದೆ. ಎಷ್ಟು ಮಿಲಿಮೀಟರ್ ಸರಿಯಿತು ಅನ್ನುವುದಕ್ಕಿಂತ ಕೊನೆಯಲ್ಲಿ ಕೈಗೆ ಸಿಗುವ ಆ ಬಿಗಿ ಮುಖ್ಯ, ಮತ್ತು ಇನ್ನೊಂದು ಕಾಲಿನ ಜೊತೆ ಹೋಲಿಕೆ ಮುಖ್ಯ. ಲ್ಯಾಕ್‌ಮನ್ ಪರೀಕ್ಷೆ ಅಂತ ಇದಕ್ಕೆ ಹೆಸರು. ಅಮೆರಿಕದ ಫಿಲಡೆಲ್ಫಿಯಾದ ಜಾನ್ ಲ್ಯಾಕ್‌ಮನ್ ಕಲಿಸುತ್ತಿದ್ದ ಈ ವಿಧಾನವನ್ನು 1976ರಲ್ಲಿ ಅವರ ಶಿಷ್ಯರು ಬರೆದು ಪ್ರಕಟಿಸಿದರು. ಅರ್ಧ ನಿಮಿಷದ ಕೆಲಸ, ಖರ್ಚಿಲ್ಲ. ಮಂಡಿಗೆ ಕೈಯನ್ನೇ ಹಚ್ಚದೆ ನೇರವಾಗಿ ಎಂಆರ್‌ಐಗೆ ಚೀಟಿ ಬರೆದುಕೊಟ್ಟರೆ ನನಗಂತೂ ಸಮಾಧಾನವಾಗುವುದಿಲ್ಲ. ಎಂಆರ್‌ಐ ಬೇಕು, ಮೆನಿಸ್ಕಸ್, ಮೃದ್ವಸ್ಥಿ ಎಲ್ಲವೂ ಅದರಲ್ಲಿ ಕಾಣುತ್ತದೆ. ಆದರೆ ಮಲಗಿದ ಮಂಡಿಯ ಚಿತ್ರಕ್ಕೆ ಓಡುವ ಮಂಡಿ ಜಾರುತ್ತದೋ ಇಲ್ಲವೋ ಅಂತ ಹೇಳಲು ಬರುವುದಿಲ್ಲ.

ಅದನ್ನು ಹೇಳಬಲ್ಲವರು ರೋಗಿಗಳು. ಏನಾಗುತ್ತದೆ ಅಂತ ಕೇಳಿದರೆ ಕೆಲವರು ಎರಡೂ ಕೈಗಳನ್ನು ಮುಷ್ಟಿ ಮಾಡಿ, ಒಂದರ ಮೇಲೊಂದು ಇಟ್ಟು, ಮೇಲಿನ ಮುಷ್ಟಿಯನ್ನು ಕೆಳಗಿನದರ ಮೇಲೆ ತಿರುಚಿ ತೋರಿಸುತ್ತಾರೆ: “ಹಿಂಗೆ ಆಗ್ತದೆ ಸಾರ್.” ಅಂಗರಚನೆಯ ಪುಸ್ತಕ ಓದದವರು ತೋರಿಸುವ ಈ ಸನ್ನೆ ಕೀಲಿನೊಳಗೆ ನಡೆಯುವುದಕ್ಕೆ ಕರಾರುವಾಕ್ಕಾಗಿ ಹೊಂದುತ್ತದೆ. ನೇರ ನಡಿಗೆಯಲ್ಲಿ ಎಸಿಎಲ್ ಇಲ್ಲದಿದ್ದರೂ ಹೆಚ್ಚಿನವರಿಗೆ ತೊಂದರೆಯಾಗದು; ತಿರುಗಿದಾಗಲೇ ಬಂಡವಾಳ ಬಯಲಾಗುವುದು.

ಹರಿದ ಎಸಿಎಲ್ ಕೂಡಿಕೊಳ್ಳಲು ತಿಣುಕುವುದಕ್ಕೆ ಅದಿರುವ ಜಾಗವೇ ಕಾರಣ. ಗಾಯ ಮಾಯಲು ಮೊದಲು ರಕ್ತ ಹೆಪ್ಪುಗಟ್ಟಿ ಎರಡು ತುದಿಗಳ ನಡುವೆ ಸೇತುವೆಯಾಗಬೇಕು. ಎಸಿಎಲ್ ಸುತ್ತ ಕೀಲಿನ ದ್ರವ ಓಡಾಡುತ್ತಿರುತ್ತದೆ, ಹೆಪ್ಪು ಅಲ್ಲಿ ನಿಲ್ಲದೆ ಕರಗಿಹೋಗುತ್ತದೆ. ಹಳೆಯ ಶಸ್ತ್ರವೈದ್ಯರು ಹೊಲಿದು ನೋಡಿದ್ದಾರೆ: 1895ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೋ ರಾಬ್ಸನ್ ಒಬ್ಬ ಗಣಿ ಕಾರ್ಮಿಕನ ಎರಡೂ ಅಡ್ಡ ಲಿಗಮೆಂಟ್‌ಗಳನ್ನು ಹೊಲಿದರು. 1917ರಲ್ಲಿ ಬ್ರಿಸ್ಟಲ್‌ನ ಹೇ ಗ್ರೋವ್ಸ್ ಹೊಲಿಯುವುದನ್ನು ಬಿಟ್ಟು ತೊಡೆಯ ಹೊರಬದಿಯ ಪಟ್ಟಿಯನ್ನು ತಂದು ಹೊಸ ಲಿಗಮೆಂಟ್ ಕಟ್ಟಿದರು. ಇವತ್ತಿನ ಶಸ್ತ್ರಚಿಕಿತ್ಸೆಯ ಮುಖ್ಯ ದಾರಿ ಇದೇ: ಬೇರೆಡೆಯ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ತೆಗೆದು, ಮೂಳೆಗಳಲ್ಲಿ ಸುರಂಗ ಕೊರೆದು, ಎಸಿಎಲ್ ಇದ್ದ ಜಾಗದಲ್ಲಿ ಕೂರಿಸುವುದು.

ಹಾಗಂತ ಎಸಿಎಲ್ ಎಂದಿಗೂ ಕೂಡುವುದೇ ಇಲ್ಲ ಅನ್ನುವುದೂ ತಪ್ಪು, ಹರಿದವರೆಲ್ಲ ಆಪರೇಷನ್ ಮಾಡಿಸಿಕೊಳ್ಳಲೇಬೇಕು ಅನ್ನುವುದೂ ತಪ್ಪು. ಸ್ವೀಡನ್ನಿನಲ್ಲಿ 121 ಮಂದಿ ಚಟುವಟಿಕೆಯ ತರುಣ ತರುಣಿಯರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗನೆ ಆಪರೇಷನ್, ಆಮೇಲೆ ವ್ಯಾಯಾಮ. ಇನ್ನೊಂದಕ್ಕೆ ಮೊದಲು ವ್ಯಾಯಾಮ. ಮಂಡಿ ಜಾರುತ್ತಲೇ ಇದ್ದರೆ ಆಮೇಲೆ ಆಪರೇಷನ್. ಎರಡು ವರ್ಷದ ನಂತರ ನೋವು, ಓಡಾಟ, ಆಟ, ಬದುಕಿನ ಗುಣಮಟ್ಟ ಅಳೆದರೆ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎರಡನೇ ಗುಂಪಿನ 59 ಮಂದಿಯಲ್ಲಿ ಐದು ವರ್ಷದಲ್ಲಿ 30 ಮಂದಿ ಆಪರೇಷನ್ನಿಗೆ ಬಂದರು, ಉಳಿದವರಿಗೆ ಬೇಕಾಗಲಿಲ್ಲ. ಅದೇ ಅಧ್ಯಯನದ ಎಂಆರ್‌ಐಗಳನ್ನು ಆಮೇಲೆ ಮರಳಿ ನೋಡಿದಾಗ, ಆಪರೇಷನ್ ಇಲ್ಲದೆ ಉಳಿದವರಲ್ಲಿ ಸುಮಾರು ಅರ್ಧದಷ್ಟು ಜನರ ಎಸಿಎಲ್ ಎರಡು ವರ್ಷಕ್ಕೆ ಕೂಡಿಕೊಂಡ ಗುರುತು ತೋರಿಸಿತ್ತು. 2022ರ ಬ್ರಿಟನ್ನಿನ ಇನ್ನೊಂದು ಅಧ್ಯಯನ ತೆಗೆದುಕೊಂಡದ್ದು ಪೆಟ್ಟು ಹಳೆಯದಾಗಿ ಮಂಡಿ ಇನ್ನೂ ಜಾರುತ್ತಿದ್ದವರನ್ನು; ಅವರಲ್ಲಿ ಆಪರೇಷನ್ನೇ ಮೇಲಾಯಿತು. ಇವೆರಡರ ಮಧ್ಯೆ ಜಗಳ ಇದೆ ಅಂತ ನನಗನಿಸುವುದಿಲ್ಲ. ತೀರ್ಮಾನ ಮಾಡಬೇಕಾದದ್ದು ಮಂಡಿ ಜಾರುತ್ತದೆಯೇ, ಜಾರುವಂಥ ಬದುಕು ನಿಮ್ಮದೇ ಅನ್ನುವುದು. ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುವ ಐವತ್ತರ ವಯಸ್ಸಿನವರಿಗೂ ಹತ್ತೊಂಬತ್ತರ ಕಬಡ್ಡಿ ರೈಡರ್‌ಗೂ ಒಂದೇ ಉತ್ತರ ಇರಲಾರದು. ಮೆನಿಸ್ಕಸ್ ಹರಿದು ಮಡಚಿಕೊಂಡು ಮಂಡಿ ಲಾಕ್ ಆಗಿದ್ದರೆ ಮಾತ್ರ ಕಾಯುವ ಹಾಗಿಲ್ಲ.

ಒಂದು ಎಚ್ಚರಿಕೆ. ಆ ಸ್ವೀಡನ್ನಿನ ‘ವ್ಯಾಯಾಮ’ ನಮ್ಮಲ್ಲಿ ಸಾಮಾನ್ಯವಾಗಿ ಫಿಸಿಯೋ ಅಂದರೆ ಆಗುವ ಹತ್ತು ನಿಮಿಷದ ಕರೆಂಟು, ಹತ್ತು ನಿಮಿಷದ ಬಿಸಿ ಶಾಖ ಅಲ್ಲ. ತಿಂಗಳುಗಟ್ಟಲೆ, ಮೇಲ್ವಿಚಾರಣೆಯಲ್ಲಿ, ಹಂತಹಂತವಾಗಿ ಭಾರ ಏರಿಸುತ್ತಾ ಮಾಡಿದ ದುಡಿಮೆ. ಅದಿಲ್ಲದೆ ‘ಆಪರೇಷನ್ ಬೇಡ, ಹಾಗೇ ಸರಿಹೋಗುತ್ತದೆ’ ಅನ್ನುವುದು ಆ ಅಧ್ಯಯನದ ಹೆಸರಿನಲ್ಲಿ ಹೇಳುವ ಸುಳ್ಳು.

ವ್ಯಾಯಾಮಕ್ಕೆ ಇಷ್ಟು ಬಲ ಎಲ್ಲಿಂದ? ಇಲ್ಲಿಗೆ ಆ 40 ಮಿಲಿಸೆಕೆಂಡು ಬರುತ್ತದೆ. ಮಂಡಿಯ ಸ್ಥಿರತೆಯಲ್ಲಿ ಲಿಗಮೆಂಟ್ ಒಂದು ಪಾಲುದಾರ ಮಾತ್ರ. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಟಿಬಿಯಾವನ್ನು ಹಿಂದಕ್ಕೆ ಎಳೆಯುತ್ತವೆ, ಅಂದರೆ ಎಸಿಎಲ್ ಮಾಡುವ ಕೆಲಸಕ್ಕೇ ಕೈಜೋಡಿಸುತ್ತವೆ. ಮುಂದಿನ ಕ್ವಾಡ್ರಿಸೆಪ್ಸ್ ನೆಲಕ್ಕೆ ಕಾಲಿಟ್ಟಾಗಿನ ಹೊಡೆತವನ್ನು ನುಂಗುತ್ತದೆ. ಸೊಂಟದ ಪಕ್ಕದ ಸ್ನಾಯುಗಳು ಮಂಡಿ ಒಳಕ್ಕೆ ವಾಲದಂತೆ ಹಿಡಿಯುತ್ತವೆ. ಎಸಿಎಲ್ ಒಳಗೂ ನರದ ತುದಿಗಳಿವೆ. ಕೀಲು ಯಾವ ಭಂಗಿಯಲ್ಲಿದೆ ಅಂತ ಮೆದುಳಿಗೆ ಸುದ್ದಿ ಕಳಿಸುವವು ಅವು. ಲಿಗಮೆಂಟ್ ಹರಿದರೆ ಕಟ್ಟಿನ ಜೊತೆ ಸುದ್ದಿಯೂ ಕಡಿತ. ಆದರೆ ಸುದ್ದಿ ಹೋಗಿ, ಮೆದುಳು ಯೋಚಿಸಿ, ಸ್ನಾಯು ಬಿಗಿಯುವ ಹೊತ್ತಿಗೆ 40 ಮಿಲಿಸೆಕೆಂಡು ಕಳೆದೇ ಹೋಗಿರುತ್ತದೆ. ಸ್ನಾಯುಗಳು ಕಾಲು ನೆಲ ಮುಟ್ಟುವ ಮೊದಲೇ ಬಿಗಿದಿರಬೇಕು. ಅದು ಯೋಚಿಸಿ ಮಾಡುವ ಕೆಲಸವಲ್ಲ, ಸಾವಿರ ಸಲ ಮಾಡಿ ಮೈಗೂಡಿಸಿಕೊಳ್ಳುವ ಅಭ್ಯಾಸ. ಒಂಟಿಕಾಲಲ್ಲಿ ನಿಲ್ಲಿಸುವುದು, ಹಾರಿ ಇಳಿಸುವುದು, ನಿಂತಲ್ಲೇ ತಳ್ಳಿ ಸಮತೋಲ ತಪ್ಪಿಸುವುದು, ಇವೆಲ್ಲ ಮಕ್ಕಳಾಟದಂತೆ ಕಂಡರೂ ತರಬೇತಿ ನಡೆಯುತ್ತಿರುವುದು ಅದಕ್ಕೇ.

ಪೆಟ್ಟಾದ ಕೂಡಲೇ ತೊಡೆ ಸೊರಗುವುದನ್ನು ಗಮನಿಸಿದ್ದೀರಾ? ಕೀಲಿನೊಳಗೆ ದ್ರವ ತುಂಬಿದರೆ ನರವ್ಯವಸ್ಥೆ ಕ್ವಾಡ್ರಿಸೆಪ್ಸ್‌ಗೆ ಹೋಗುವ ಆಜ್ಞೆಯನ್ನೇ ತಗ್ಗಿಸುತ್ತದೆ. ರೋಗಿ ಎಷ್ಟು ಪ್ರಯತ್ನಿಸಿದರೂ ಮಂಡಿಚಿಪ್ಪಿನ ಮೇಲಿನ ಸ್ನಾಯು ಎದ್ದು ನಿಲ್ಲುವುದಿಲ್ಲ. ಸೋಮಾರಿತನ ಅಂತ ಮನೆಯವರು ಬೈಯುವುದುಂಟು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತಿಸುವ ಆ ಸರಳ ವ್ಯಾಯಾಮ, ಹಿಮ್ಮಡಿಗೆ ಆಸರೆ ಕೊಟ್ಟು ಮಂಡಿಯನ್ನು ಪೂರ್ತಿ ಚಾಚಿಸುವುದು, ಇವುಗಳಿಂದ ಶುರುಮಾಡುವುದು ಆ ಮುಚ್ಚಿಹೋದ ದಾರಿ ತೆರೆಯಲೆಂದೇ. ಆಪರೇಷನ್ ಮಾಡುವುದಿದ್ದರೂ ಮೊದಲು ಊತ ಇಳಿದು ಮಂಡಿ ಪೂರ್ತಿ ನೇರವಾಗಲಿ ಅಂತ ಸಾಮಾನ್ಯವಾಗಿ ಕಾಯುತ್ತಾರೆ.

ಆಪರೇಷನ್ ಆದವರಿಗೆ ಎರಡನೇ ಮೋಸ ಕಾದಿರುತ್ತದೆ. ಹೊಸದಾಗಿ ಕೂರಿಸಿದ ರಜ್ಜು, ಹ್ಯಾಮ್‌ಸ್ಟ್ರಿಂಗ್‌ನದ್ದಾಗಲಿ, ಮಂಡಿಚಿಪ್ಪಿನ ಕೆಳಗಿನದ್ದಾಗಲಿ, ನಮ್ಮಲ್ಲಿ ಈಚೆಗೆ ಹೆಚ್ಚು ಬಳಕೆಗೆ ಬಂದಿರುವ ಕಣಕಾಲಿನ ಪಕ್ಕದ ಪೆರೋನಿಯಸ್‌ನದ್ದಾಗಲಿ, ಮೊದಲು ತನ್ನ ಜೀವಕೋಶಗಳನ್ನು ಕಳೆದುಕೊಳ್ಳುತ್ತದೆ. ಆಮೇಲೆ ಹೊಸ ರಕ್ತನಾಳ, ಹೊಸ ಕೋಶಗಳು ಬಂದು ಅದನ್ನು ನಿಧಾನವಾಗಿ ಲಿಗಮೆಂಟ್ ಆಗಿ ಬದಲಿಸುತ್ತವೆ. ಈ ಪ್ರಕ್ರಿಯೆಯಲ್ಲಿ ಅದು ತೀರಾ ಬಡವಾಗಿರುವುದು ಸುಮಾರು ಆರರಿಂದ ಹನ್ನೆರಡು ವಾರಗಳ ನಡುವೆ. ನೋವು ಹೋಗಿ, ಊರುಗೋಲು ಬಿಟ್ಟು, ‘ನಂಗೇನೂ ಆಗಿಲ್ಲ’ ಅನಿಸುವುದೂ ಅದೇ ವಾರಗಳಲ್ಲಿ. ನಾರ್ವೆಯಲ್ಲಿ 2016ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದ ಹಾಗೆಲ್ಲ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ತಿಂಗಳು ಎಣಿಸಿದರಷ್ಟೇ ಸಾಲದು. ಒಂಟಿಕಾಲಿನ ಜಿಗಿತದಲ್ಲಿ, ತೊಡೆಯ ಬಲದಲ್ಲಿ ಪೆಟ್ಟಾದ ಕಾಲು ಇನ್ನೊಂದರ ಶೇ 90ರಷ್ಟಾದರೂ ಮುಟ್ಟಬೇಕು ಅನ್ನುವುದು ಈಗಿನ ರೂಢಿ. ಇಪ್ಪತ್ತೈದರೊಳಗಿನ ವಯಸ್ಸಿನಲ್ಲಿ ಆಟಕ್ಕೆ ಮರಳಿದವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲೊಬ್ಬರಿಗೆ ಅದೇ ಮಂಡಿಯಲ್ಲೋ ಇನ್ನೊಂದರಲ್ಲೋ ಮತ್ತೆ ಎಸಿಎಲ್ ಹರಿಯುತ್ತದೆ. ಊರ ಕಪ್‌ಗಾಗಿ ಐದನೇ ತಿಂಗಳಿಗೇ ಹುಡುಗನನ್ನು ಕಣಕ್ಕಿಳಿಸುವ ತಂಡದವರಿಗೆ ಈ ಲೆಕ್ಕ ಯಾರಾದರೂ ಹೇಳಬೇಕು.

ಒಂದಕ್ಕಿಂತ ಹೆಚ್ಚು ಲಿಗಮೆಂಟ್ ಹೋದರೆ ಅದು ಬೇರೆಯದೇ ಲೋಕ. ಕ್ರಿಕೆಟಿಗ ರಿಷಭ್ ಪಂತ್ ಕಾರು 2022ರ ಡಿಸೆಂಬರ್ 30ರಂದು ರೂರ್ಕಿ ಬಳಿ ಅಪಘಾತಕ್ಕೀಡಾದಾಗ ಅವರ ಬಲ ಮಂಡಿಯ ಕೀಲೇ ತಪ್ಪಿತ್ತು. ಕೀಲು ಪೂರ್ತಿ ತಪ್ಪಿದಾಗ ನಿಜವಾದ ಭಯ ಮಂಡಿಯ ಹಿಂದೆ ಹಾಯುವ ದೊಡ್ಡ ರಕ್ತನಾಳದ್ದು, ಪಕ್ಕದ ನರದ್ದು; ರಕ್ತ ಹರಿಯುವುದು ನಿಂತು ಆರೇಳು ಗಂಟೆ ಮೀರಿದರೆ ಕಾಲೇ ಹೋಗಬಹುದು. ಹೀಗಾಗಿ ವಿಕಾರವಾಗಿ ತಿರುಗಿದ ಮಂಡಿಯನ್ನು ಕಂಡರೆ ಪಾದ ತಣ್ಣಗಾಗಿದೆಯೇ, ಬಣ್ಣ ಬದಲಾಗಿದೆಯೇ ನೋಡಿ ನೇರ ದೊಡ್ಡ ಆಸ್ಪತ್ರೆಗೆ ಓಡಬೇಕು. ತಿಕ್ಕಿಸುವುದು, ಕಟ್ಟಿಸುವುದು ಯಾವುದೂ ಕೂಡದು. ಪಂತ್‌ಗೆ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಆಮೇಲಿನ ದೀರ್ಘ ಪುನಶ್ಚೇತನ ನಡೆದದ್ದು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ. 2024ರ ಮಾರ್ಚ್ 23ಕ್ಕೆ ಐಪಿಎಲ್‌ನಲ್ಲಿ ಮತ್ತೆ ಕಣಕ್ಕಿಳಿದರು, ಅದೂ ವಿಕೆಟ್ ಕೀಪರ್ ಆಗಿ, ಅಂದರೆ ದಿನಕ್ಕೆ ನೂರಾರು ಸಲ ಕುಕ್ಕರಗಾಲಲ್ಲಿ ಕೂತೇಳುವ ಕೆಲಸಕ್ಕೆ. ಅಪಘಾತದಿಂದ ಅಲ್ಲಿಗೆ ಹತ್ತಿರಹತ್ತಿರ ಹದಿನೈದು ತಿಂಗಳು. ಜಗತ್ತಿನ ಎಲ್ಲ ಸೌಲಭ್ಯ ಇದ್ದವರಿಗೆ ಹಿಡಿದ ಕಾಲ ಇದು.

ಕುಕ್ಕರಗಾಲಿನ ಪ್ರಶ್ನೆ ನಮ್ಮವರಿಗೆ ಆಟಕ್ಕಿಂತ ದೊಡ್ಡದು. ನೆಲದ ಮೇಲೆ ಊಟಕ್ಕೆ ಕೂರಬಹುದೇ, ಗದ್ದೆಯಲ್ಲಿ ಕಳೆ ಕೀಳಬಹುದೇ, ಇಂಡಿಯನ್ ಶೌಚಾಲಯಕ್ಕೆ ಹೋಗಬಹುದೇ? ಎಸಿಎಲ್ ಮಾತ್ರ ಕಟ್ಟಿದ್ದರೆ ಮಂಡಿ ಮಡಚುವುದು ಹಂತಹಂತವಾಗಿ ಮರಳುತ್ತದೆ. ಮೆನಿಸ್ಕಸ್ ಹೊಲಿದಿದ್ದರೆ ಕಥೆ ಬೇರೆ. ಮಂಡಿ ಪೂರ್ತಿ ಮಡಚಿದಾಗ ಹೊಲಿಗೆಯ ಮೇಲೆ ಒತ್ತಡ ಬೀಳುವುದರಿಂದ ಮೊದಲ ಕೆಲವು ತಿಂಗಳು ಬೇಡ ಅನ್ನುತ್ತಾರೆ. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಏನು ಮಾಡಿದ್ದಾರೆ ಅಂತ ಓದಿಸಿಕೊಳ್ಳಿ; ‘ಲಿಗಮೆಂಟ್ ಆಪರೇಷನ್’ ಅಂದಷ್ಟಕ್ಕೇ ಬಿಡಬೇಡಿ. ಇನ್ನೊಂದು ಮಾತು: ಆಪರೇಷನ್ ಜಾರುವುದನ್ನು ನಿಲ್ಲಿಸುತ್ತದೆ, ಮುಂದೆ ಮಂಡಿ ಸವೆತ ಬರುವುದಿಲ್ಲ ಅನ್ನುವ ಖಾತರಿ ಕೊಡುವುದಿಲ್ಲ. ಮೆನಿಸ್ಕಸ್ ಎಷ್ಟು ಉಳಿದಿದೆ ಅನ್ನುವುದು ಅದರಲ್ಲಿ ದೊಡ್ಡ ಪಾತ್ರ ವಹಿಸುತ್ತದೆ.

ಹರಿಯುವ ಮೊದಲೇ ಮಾಡಬಹುದಾದದ್ದೂ ಇದೆ. ಫುಟ್‌ಬಾಲಿಗಾಗಿ ಫಿಫಾ ರೂಪಿಸಿದ ಇಪ್ಪತ್ತು ನಿಮಿಷದ ವಾರ್ಮ್‌ಅಪ್ ಇದೆ. ಇಂಥ ತರಬೇತಿಗಳು ಎಸಿಎಲ್ ಪೆಟ್ಟನ್ನು ಹತ್ತಿರಹತ್ತಿರ ಅರ್ಧದಷ್ಟು ತಗ್ಗಿಸುತ್ತವೆ, ಹುಡುಗಿಯರಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಹುಡುಗಿಯರ ಎಸಿಎಲ್ ಹರಿಯುವುದು ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚು. ನಮ್ಮ ಹೈಸ್ಕೂಲುಗಳ ಥ್ರೋಬಾಲ್, ವಾಲಿಬಾಲ್ ತಂಡಗಳಿಗೆ ಯಾವ ಉಪಕರಣವೂ ಬೇಡ. ಪಿಟಿ ಮೇಷ್ಟ್ರು ಹುಡುಗಿಯ ಎದುರಿಗೆ ನಿಂತು ಅವಳನ್ನು ಹಾರಿಸಿ ಇಳಿಸಲಿ. ಇಳಿದಾಗ ಎರಡೂ ಮಂಡಿ ಬಾಗಬೇಕು, ಪಾದದ ಬೆರಳುಗಳ ನೇರಕ್ಕೇ ಇರಬೇಕು. ಒಂದಕ್ಕೊಂದು ತಾಗುವಂತೆ ಒಳಕ್ಕೆ ವಾಲಿದರೆ ಮತ್ತೆ ಹಾರಿಸಲಿ.